ನಾಲ್ಕು ಮೆಗಾಪಿಕ್ಸೆಲ್ಲಿನ ಆಪಾ

ಆಪಾನ ಬಲಗೈ ತೋರುಬೆರಳಿನ ಉಗುರು ಎರಡು ಹೋಳಾಗಿತ್ತು. ಜೀನ್ಸ್ ಹೊಲಿಯುವ ಮಷೀನಿನ ಸೂಜಿ ಒಮ್ಮೆ ಉಗುರಿನ ನಟ್ಟನಡುವೆ ಇಳಿದು ಬೆರಳಿನ ಆ ಕಡೆಯಿಂದ ಹೊರಗೆ ಬಂದಿತ್ತು. ಆಮೇಲೆ ಬೆಳೆದ ಉಗುರೆಲ್ಲ ಸೀಳಿಕೊಂಡೇ ಬೆಳೆಯಿತು. ಮದರಂಗಿ ಹಚ್ಚಿಕೊಂಡರೆ ಆ ಸೀಳಿನೊಳಗೆ ಇಳಿದ ಬಣ್ಣ ತಿಂಗಳುಗಟ್ಟಲೆ ಒಂದು ಕೆಂಪು ಗೆರೆಯಾಗಿ ಉಳಿಯುತ್ತಿತ್ತು. ಆ ಬೆರಳಿನಿಂದಲೇ ಆಕೆ ಕ್ಯಾಮೆರಾದ ಗುಂಡಿ ಒತ್ತುತ್ತಿದ್ದಳು. ಆ ಬೆರಳನ್ನೇ ಒಂದು ದಿನ ಹಚ್ಚೊಳ್ಳಿಯಲ್ಲಿ ಹತ್ತು ಜನರ ಮುಂದೆ ಎತ್ತಿ ತೋರಿಸಿದಳು. ಆಗ ನಾನು ಆಕೆಯ ಪಕ್ಕದಲ್ಲೇ ಕೂತಿದ್ದೆ.

ನಾನು ಬಾಯಿಬಡುಕಿ. ಬಳ್ಳಾರಿಯ ಇಡೀ ಕೌಲ್ ಬಜಾರಿಗೆ ಗೊತ್ತಿರುವ ಮಾತು ಅದು. ಆಟೋದವನ ಜೊತೆ, ತರಕಾರಿಯವಳ ಜೊತೆ, ಬಸ್ಸಿನಲ್ಲಿ ಕಾಲು ತುಳಿದವರ ಜೊತೆ ಜಗಳಾಡದೆ ಮನೆ ಸೇರಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಅಂಥವಳು ಮಾತಾಡಲೇಬೇಕಾದ ಒಂದೇ ಒಂದು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅದನ್ನು ಬರೆದಿಡೋಣ ಎಂದು ಕೂತಿದ್ದೇನೆ. ಬರೆದರೆ ಹಗುರಾಗುತ್ತದೆ ಎನ್ನುತ್ತಾರೆ, ನನಗೇನೂ ನಂಬಿಕೆಯಿಲ್ಲ.

ನಾವಿಬ್ಬರೂ ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಅಕ್ಕಪಕ್ಕದ ಮಷೀನಿನವರು. ಆಕೆ ಜೇಬು ಹೊಲಿಯುತ್ತಿದ್ದಳು, ನಾನು ಜಿಪ್ಪು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮೊದಲ ದಿನ ನನ್ನ ಊರು ಯಾವುದೆಂದು ಕೇಳಿದಳು. ಕುರುಗೋಡು ಎಂದೆ. ಮುಗಿಯಿತು, ಹೆಸರು ಕೇಳಲೇ ಇಲ್ಲ. "ಲೇ ಕುರುಗೋಡು, ದಾರ ಕೊಡು ಇಲ್ಲಿ" ಎಂದವಳು ಕೊನೆಯವರೆಗೂ ನನ್ನನ್ನು ಹಾಗೇ ಕರೆದಳು. ನಾನು ಆಕೆಯನ್ನು ಆಪಾ ಎಂದೆ, ಅಂದರೆ ಅಕ್ಕ. ಸ್ವಂತ ಅಕ್ಕನಿಗೆ ಬಹುವಚನ ಹಚ್ಚುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಇಲ್ಲೂ ಹಚ್ಚುವುದಿಲ್ಲ.

ಆಪಾನ ಗಂಡ ಕೌಲ್ ಬಜಾರಿನ ಸಂದಿಯೊಂದರಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟಿದ್ದರು. ಅವರು ತೀರಿಕೊಂಡಾಗ ಬಂಧುಬಳಗವೆಲ್ಲ ಅಂಗಡಿಯನ್ನು ಬಾಡಿಗೆಗೆ ಕೊಡು ಎಂದಿತು. ಆಪಾ ಮಷೀನು ಬಿಟ್ಟು ಕ್ಯಾಮೆರಾ ಹಿಡಿದಳು. ಗಂಡ ಇದ್ದಾಗ ನೋಡಿ ನೋಡಿ ಕಲಿತಿದ್ದಳಂತೆ. ಆರು ತಿಂಗಳಿಗೆ ನನ್ನನ್ನೂ ಎಳೆದುಕೊಂಡಳು. "ಜಿಪ್ಪು ಹಚ್ಚಿ ಹಚ್ಚಿ ಏನ್ ಉದ್ಧಾರ ಆಗ್ತೀಯಲೇ, ಬಾ ಇಲ್ಲಿ. ಇಬ್ರೂ ಕೂಡಿ ಮಾಡೂಣು" ಎಂದಳು. ಮಂದಿ ನಕ್ಕರು. ಹೆಂಗಸರಿಬ್ಬರು ಸೇರಿ ಸ್ಟುಡಿಯೋ ನಡೆಸುವುದೆಂದರೆ ಆಗ ನಗುವ ಮಾತೇ ಆಗಿತ್ತು.

ಆದರೆ ಗಂಡಸರು ಹೋಗಲಾಗದ ಒಂದು ಜಾಗ ಪ್ರತಿ ಮದುವೆ ಮನೆಯಲ್ಲೂ ಇರುತ್ತದೆ. ಅದು ಹೆಂಗಸರ ಕೋಣೆ. ಮುಸ್ಲಿಮರ ಮನೆಗಳಲ್ಲಿ ಮದುಮಗಳಿಗೆ ಮದರಂಗಿ ಹಚ್ಚಿ, ಢೋಲಕ್ ಬಡಿದು, ಪರದೆ ಬುರ್ಖಾ ಎಲ್ಲ ಗೂಟಕ್ಕೆ ಹಾಕಿ ಹೆಂಗಸರು ಹಾಡಿ ಕುಣಿಯುವ ಕೋಣೆಗೆ ಆಪಾ ಕ್ಯಾಮೆರಾ ಹಿಡಿದು ಹೋದಳು. ಆಮೇಲೆ ನಮ್ಮವರೂ ಕರೆಯಹತ್ತಿದರು. ಅರಿಶಿನ ಹಚ್ಚಿಕೊಂಡು ಒದ್ದೆ ಸೀರೆಯಲ್ಲಿ ಕೂತ ಹುಡುಗಿಯ ಮುಂದೆ ಗಂಡಸು ಫೋಟೋದವನು ಯಾಕೆ ಬೇಕು? ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಎಲ್ಲ ಕಡೆಯಿಂದ ಆಪಾನಿಗೆ ಕರೆ ಬರುತ್ತಿತ್ತು.

ಕೋಣೆಯೊಳಗೆ ಕಾಲಿಟ್ಟ ಕೂಡಲೇ ಬಾಗಿಲಲ್ಲೇ ನಿಂತು ಒಂದು ಮಾತು ಹೇಳುತ್ತಿದ್ದಳು. ಎಲ್ಲ ಮದುವೆಯಲ್ಲೂ ಅದೇ ಮಾತು. "ಫೋಟೋ ಬೇಕನ್ನೋರು ಮದಿಮಗಳ ಹತ್ರ ಬರ್ರಿ. ನನ್ನ ಬೆನ್ನಿಂದ ಇರೋರು ಕೂದ್ಲ ಬಿಟ್ಟು ಕುಣೀರಿ, ನಾ ತಿರಗಂಗಿಲ್ಲ. ದೂರ ಇರೋರೂ ಆರಾಮ ಇರ್ರಿ. ಈ ಡಬ್ಬಿ ನಾಕ ಮೆಗಾಪಿಕ್ಸೆಲ್ದು, ನಿಮ್ಮನ್ನ ಮುಟ್ಟಂಗಿಲ್ಲ." ಹೆಂಗಸರು ಹೋ ಎಂದು ನಗುತ್ತಿದ್ದರು. ಆಪಾ ಮದುಮಗಳಿಂದ ಮೂರು ಮೊಳ ದೂರದಲ್ಲಿ ಮೊಣಕಾಲೂರಿ ಕೂತರೆ ಮುಗಿಯುವವರೆಗೂ ಹಿಂದೆ ತಿರುಗುತ್ತಿರಲಿಲ್ಲ. ಬೆನ್ನ ಹಿಂದೆ ಎಂಥ ಕುಣಿತ ನಡೆದರೂ ಅಷ್ಟೇ.

ಇನ್ನೊಂದು ಶಾಸ್ತ್ರವಿತ್ತು. ರೀಲಿನ ಕಾಲದಲ್ಲಿ ಫೋಟೋ ತೊಳೆಸಿದ ಮೇಲೆ ನೆಗೆಟಿವ್ ಪಟ್ಟಿಗಳನ್ನು ಮದುಮಗಳ ತಾಯಿಯ ಉಡಿಗೆ ಹಾಕಿ ಬರುತ್ತಿದ್ದಳು. ಡಿಜಿಟಲ್ ಬಂದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪುಟ್ಟ ಪ್ರಿಂಟರಿನಲ್ಲಿ ತಾನೇ ಫೋಟೋ ಪ್ರಿಂಟು ಹಾಕಿ, ಆಲ್ಬಮ್ಮಿಗೆ ಅಂಟಿಸಿ, ಆ ಆಲ್ಬಮ್ ಮತ್ತು ಕ್ಯಾಮೆರಾ ಎರಡನ್ನೂ ಹಿಡಿದು ಮದುಮಗಳ ಮನೆಗೆ ಹೋಗುತ್ತಿದ್ದಳು. ತಾಯಿಯ ಎದುರು ಕಾರ್ಡಿನೊಳಗಿದ್ದ ಫೋಟೋಗಳನ್ನೆಲ್ಲ ಅಳಿಸಿ, ಖಾಲಿ ಪರದೆ ತೋರಿಸಿ, "ನೋಡವ್ವಾ, ನಿನ್ನ ಮಗಳು ನಿನ್ನ ಮನ್ಯಾಗ ಅದಾಳ, ನನ್ನ ಹತ್ರ ಇಲ್ಲ" ಎನ್ನುತ್ತಿದ್ದಳು. ಆಮೇಲೆಯೇ ಚಹಾ ಕುಡಿಯುವುದು.

ಆಗ ನೋಡಿ, ಗಣಿಯ ಸುಗ್ಗಿ ಬಂತು. ಕೆಂಪು ಧೂಳು ಹೊತ್ತ ಲಾರಿಗಳು ರಸ್ತೆ ತುಂಬ. ಆಪಾ ಕ್ಯಾಮೆರಾಕ್ಕೆ ಕೂಸಿನ ಕುಲಾವಿ ತೊಡಿಸಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ಮತ್ತೆ ತನ್ನ ಬುರ್ಖಾದೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಳು. ನಿನ್ನೆಯವರೆಗೆ ಸೈಕಲ್ಲಿನಲ್ಲಿದ್ದವರು ಇವತ್ತು ದೊಡ್ಡ ಕಾರಿನಲ್ಲಿ ಬಂದು ಅಂಗಡಿಯ ಮುಂದೆ ಹಾರ್ನ್ ಹೊಡೆಯುತ್ತಿದ್ದರು. ಯಾವ ಫೋಟೋ, ಎಷ್ಟು ಫೋಟೋ ಎಂದು ಕೇಳುತ್ತಿರಲಿಲ್ಲ. "ಎನ್ನಿ ಮೆಗಾಪಿಕ್ಸೆಲ್ ಅಮ್ಮಾ?" ಎಂದು ತೆಲುಗಿನಲ್ಲಿ ಒಬ್ಬ, "ಎಷ್ಟು ಮೆಗಾಪಿಕ್ಸೆಲ್ ಐತ್ರಿ?" ಎಂದು ಕನ್ನಡದಲ್ಲಿ ಇನ್ನೊಬ್ಬ. ನಾಲ್ಕು ಎಂದರೆ ಕಾರಿನ ಗಾಜು ಮೇಲೇರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಆಪಾ, ಹೊಸಾದು ತಗೊಳ್ಳೂಣು. ಹನ್ನೆರಡರದ್ದು ಬಂದೈತಿ."

"ಏನ್ ಮಾಡಾಕ?"

"ಏನ್ ಮಾಡಾಕ ಅಂದ್ರ? ಮೂರ ಪಟ್ಟು ದೊಡ್ಡ ಫೋಟೋ ಮಾಡಬಹುದು!"

ಆಪಾ ಎದ್ದು ಹೋಗಿ ಗಲ್ಲೆಯ ಮೇಲೆ ಹಾಸಿದ್ದ ಟವೆಲ್ ತಂದಳು. ಜೀನ್ಸ್ ಘಟಕದಿಂದ ಬಂದವಳು, ಲೆಕ್ಕವೆಲ್ಲ ಬಟ್ಟೆಯಲ್ಲೇ. "ಇದ್ರ ಮೂರ ಪಟ್ಟು ಬಟ್ಟಿ ತಂದ್ರ ಮೂರ ಪಟ್ಟು ಉದ್ದ ಆಗ್ತೈತೇನ್ಲೇ? ಅಗಲಾನೂ ಬೆಳಿಬೇಕಲ್ಲ. ಉದ್ದ ಎರಡರಷ್ಟು, ಅಗಲ ಎರಡರಷ್ಟು ಬೇಕಂದ್ರ ನಾಕ ಪಟ್ಟು ಬಟ್ಟಿ ಬೇಕು. ನಾಕ ಇದ್ದದ್ದು ಹನ್ನೆರಡಾದ್ರ ಫೋಟೋದ ಉದ್ದ ಎರಡರಷ್ಟೂ ಆಗಂಗಿಲ್ಲ. ಜಿಪ್ಪು ಹೊಲಿದಾಕಿ ನೀನು, ಇಷ್ಟೂ ತಿಳಿಯಂಗಿಲ್ಲೇನು?" ಎಂದಳು. ಆಮೇಲೆ ಟವೆಲ್ ಕೊಡವಿ, "ಎಷ್ಟು ಪಿಕ್ಸೆಲ್ ಅಂತ ಆಮ್ಯಾಲೆ ಕೇಳು. ಎಷ್ಟು ದೊಡ್ಡದು ಮಾಡ್ತಿ, ಯಾರಿಗೆ ತೋರಸ್ತಿ, ಅದನ್ನ ಮೊದಲ ಕೇಳು. ನಮ್ಮ ಫೋಟೋ ತಿಜೋರಿಯಾಗ ಸೀರಿ ಕೆಳಗ ಇರ್ತಾವು. ಅಂಗೈಯಷ್ಟು ಸಾಕು ಅವಕ್ಕ" ಎಂದಳು.

ನಾನು ಕೇಳುವ ಗಿರಾಕಿಯೇ? ನನ್ನ ಬಳೆ ಕರಗಿಸಿ ಹನ್ನೆರಡರ ಕ್ಯಾಮೆರಾ ತಂದೇಬಿಟ್ಟೆ. ಆಪಾ ಬೈಯಲಿಲ್ಲ. ಒಂದೇ ಗುಲಾಬಿಯನ್ನು ಎರಡೂ ಕ್ಯಾಮೆರಾದಲ್ಲಿ ತೆಗೆದು, ಆಲ್ಬಮ್ಮಿನ ಅಳತೆಗೆ ಎರಡು ಪ್ರಿಂಟು ಹಾಕಿ, ಬೆನ್ನ ಹಿಂದೆ ಅದಲುಬದಲು ಮಾಡಿ ನನ್ನ ಮುಂದೆ ಹಿಡಿದಳು. "ಹೇಳಲೇ, ಹನ್ನೆರಡ ಯಾವುದು?" ನಾನು ಕಣ್ಣು ಕಿರಿದು ಮಾಡಿ, ಬೆಳಕಿಗೆ ಹಿಡಿದು, ಮೂಗಿಗೆ ತಂದು ನೋಡಿ ಎಡಗೈಯದನ್ನು ತೋರಿಸಿದೆ. ಹಿಂದೆ ತಿರುಗಿಸಿದರೆ ಆಪಾನ ಅಕ್ಷರದಲ್ಲಿ ನಾಲ್ಕು ಎಂದು ಬರೆದಿತ್ತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನನ್ನೊಳಗೆ ಮುಳ್ಳಾಗಿ ಕೂತಿತು. ಹನ್ನೆರಡರ ಆಟ ಏನೆಂದು ಒಂದು ದಿನ ತೋರಿಸುತ್ತೇನೆ, ಇರು ಎಂದುಕೊಂಡೆ.

ಆ ದಿನ ಸಿರುಗುಪ್ಪದ ಒಂದು ಮದುವೆಯಲ್ಲಿ ಬಂತು. ಉದ್ದನೆಯ ಕೋಣೆ. ಬಾಗಿಲಿನ ಹತ್ತಿರವೇ, ಬಾಗಿಲಿಗೆ ಬೆನ್ನು ಮಾಡಿ ಮದುಮಗಳು ಕೂತಿದ್ದಳು. ಅವಳ ಮುಂದೆ ಆಪಾ ಮೊಣಕಾಲೂರಿದ್ದಳು. ಆಪಾನ ಬೆನ್ನ ಹಿಂದೆ, ಕೋಣೆಯ ಆ ತುದಿಯವರೆಗೂ ಹುಡುಗಿಯರು ಢೋಲಕ್ ಬಡಿಯುತ್ತ ಕೂತಿದ್ದರು. ನಾನು ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು ಮೇಲೆ ನಿಂತೆ. ನನ್ನ ಹಿಂದಿನಿಂದ ಬಾಗಿಲ ಬೆಳಕು ಕೋಣೆಯೊಳಗೆ ಸುರಿಯುತ್ತಿತ್ತು. ಮದುಮಗಳ ತಲೆಯ ಮೇಲಿನಿಂದ ಇಡೀ ಕೋಣೆಯನ್ನು ಹನ್ನೆರಡರಲ್ಲಿ ತೆಗೆದೆ. ಕಟ್ಟಕಡೆಯ ಗೋಡೆಗೆ ಒರಗಿ ಒಬ್ಬ ಹುಡುಗಿ ಕೂದಲು ಬಿಚ್ಚಿಕೊಂಡು, ಕತ್ತು ಹಿಂದೆ ಚೆಲ್ಲಿ ನಗುತ್ತಿದ್ದಳು. ಕ್ಯಾಮೆರಾದ ಪರದೆಯಲ್ಲಿ ಅವಳು ಕಡಲೆಬೀಜದಷ್ಟಿದ್ದಳು.

ಆ ಫೋಟೋವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ದೊಡ್ಡದು ಮಾಡುತ್ತ ಹೋದೆ. ಹೋದಷ್ಟೂ ಹುಡುಗಿ ಎದ್ದು ಬಂದಳು. ಹಲ್ಲು ಕಂಡವು, ಕಿವಿಯ ಝುಮಕಿ ಕಂಡಿತು. ನನ್ನ ಆನಂದ ಏನು ಹೇಳಲಿ! ಕಾರ್ಡನ್ನೇನೋ ಶಾಸ್ತ್ರದ ಪ್ರಕಾರ ಮದುಮಗಳ ತಾಯಿಯ ಮುಂದೆ ಅಳಿಸಿ ಬಂದೆವು. ಕಂಪ್ಯೂಟರಿನಲ್ಲಿ ನಾನು ಕದ್ದು ಉಳಿಸಿಕೊಂಡ ಪ್ರತಿಯ ಸುದ್ದಿ ಆಪಾನಿಗೆ ಗೊತ್ತಿರಲಿಲ್ಲ. ಅದಾಗಿ ಹತ್ತು ದಿನಕ್ಕೆ ಆಪಾ ತಂಗಿಯ ಬಾಣಂತನಕ್ಕೆಂದು ಒಂದು ವಾರ ರೂಪನಗುಡಿಗೆ ಹೋದಳು. ನಾನು ಆ ಹುಡುಗಿಯನ್ನು ಗುಂಪಿನಿಂದ ಕತ್ತರಿಸಿ, ಕಲರ್ ಲ್ಯಾಬಿನಲ್ಲಿ ಪೋಸ್ಟರಿನಷ್ಟು ದೊಡ್ಡದು ಮಾಡಿಸಿ, ಅಂಗಡಿಯ ಗಾಜಿಗೆ ಅಂಟಿಸಿದೆ. ಕೆಳಗೆ ಕೆಂಪಕ್ಷರದಲ್ಲಿ, 'ಮೂವತ್ತು ಜನರ ಗುಂಪಿನಿಂದ ತೆಗೆದ ಮುಖ. ಇದು 12 ಮೆಗಾಪಿಕ್ಸೆಲ್.'

ಮಂದಿ ನಿಂತು ನೋಡಿದರು. ಕಾರುಗಳು ನಿಂತವು. ಮೂರು ದಿನದಲ್ಲಿ ನಾಲ್ಕು ಮದುವೆ ಒಪ್ಪಿಕೊಂಡೆ. ಆ ಹುಡುಗಿಗೂ ಒಂದು ಮನೆ ಇರುತ್ತದೆ, ಒಂದು ಹೆಸರು ಇರುತ್ತದೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ ಎಂದು ಈಗ ಹೇಳಬಹುದು. ಅದು ಸುಳ್ಳು. ಒಂದೆರಡು ಸಲ ಹೊಳೆದಿತ್ತು, ಬದಿಗೆ ತಳ್ಳಿದೆ.

ಆಪಾ ವಾಪಸ್ಸು ಬಂದವಳು ಕೈಚೀಲ ಇಳಿಸದೆ ಗಾಜಿನ ಮುಂದೆ ನಿಂತಳು. ಹತ್ತಿರ ಹೋಗಿ, ಸೀಳಿದ ಉಗುರಿನಿಂದ ಆ ಹುಡುಗಿಯ ಕೆನ್ನೆ ಮುಟ್ಟಿದಳು. ಹತ್ತಿರದಿಂದ ನೋಡಿದರೆ ಕೆನ್ನೆಯೆಲ್ಲ ರವೆ ರವೆ.

"ಯಾರಲೇ ಈಕಿ?"

"ಗೊತ್ತಿಲ್ಲಾಪಾ. ಆ ಮದಿವಿ ಮನ್ಯಾಗಿದ್ಲು."

"ಕೇಳಿದ್ದೇನು ಆಕೀನ?"

ಆಪಾ ಪೋಸ್ಟರನ್ನು ಹರಿಯಲಿಲ್ಲ, ನಿಧಾನವಾಗಿ ಅಂಟು ಬಿಡಿಸಿ, ಮುಖ ಒಳಗಾಗುವ ಹಾಗೆ ಸುತ್ತಿ, ಒಳಗಿನ ಕೋಣೆಗೆ ಒಯ್ದಳು. ಕಂಪ್ಯೂಟರಿನಿಂದ ನನ್ನ ಕೈಯಿಂದಲೇ ಅಳಿಸಿಸಿದಳು. "ಇಷ್ಟ ವರ್ಷ ನಾನು ಹಿಂದ ತಿರಗಲಿಲ್ಲ, ಕುರುಗೋಡು" ಎಂದಳು. ಅಷ್ಟೇ ಅಂದದ್ದು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಹುಡುಗಿ ಹಚ್ಚೊಳ್ಳಿಯವಳು, ಮದುಮಗಳ ಚಿಕ್ಕಪ್ಪನ ಮಗಳು. ಬಳ್ಳಾರಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಮಾಸ್ತರಿಕೆಯ ಕೋರ್ಸು ಓದುತ್ತಿದ್ದಳು. ದಿನವೂ ತಲೆಯ ಮೇಲೆ ದುಪಟ್ಟಾ ಹೊದ್ದು, ತಲೆ ತಗ್ಗಿಸಿ ಕಾಲೇಜಿಗೆ ಹೋಗುತ್ತಿದ್ದವಳು. ಯಾವನೋ ಗಾಜಿನ ಮೇಲಿನ ಪೋಸ್ಟರನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದ. ಅದು ಕಾಲೇಜಿನ ಹುಡುಗರ ಮೊಬೈಲಿನಿಂದ ಮೊಬೈಲಿಗೆ ಹಾರಿ, ಅವಳು ತರಗತಿಗೆ ಹೋದರೆ ಹಿಂದಿನ ಬೆಂಚಿನವರು ಕತ್ತು ಹಿಂದೆ ಚೆಲ್ಲಿ ಅವಳ ಹಾಗೆ ನಕ್ಕು ತೋರಿಸುತ್ತಿದ್ದರಂತೆ. ಅಪ್ಪ ಬಂದು ಪೆಟ್ಟಿಗೆ ಕಟ್ಟಿಸಿ ಊರಿಗೆ ಕರೆದೊಯ್ದ. ಪರೀಕ್ಷೆಗೆ ಎರಡು ತಿಂಗಳಿತ್ತು.

ಆಪಾ ಎರಡು ಸಲ ಒಬ್ಬಳೇ ಹಚ್ಚೊಳ್ಳಿಗೆ ಹೋಗಿ ಬಂದಳು. ಮಗಳನ್ನು ಮತ್ತೆ ಓದಲು ಕಳಿಸಲು ಆ ಅಪ್ಪ ಒಪ್ಪಲಿಲ್ಲ. ಮೂರನೆಯ ಸಲ, "ನೀನೂ ಬಾ" ಎಂದಳು. ಸಿರುಗುಪ್ಪದಿಂದ ಮುಂದೆ ಬಸ್ಸು ಸಿಗದೆ ಗೊಬ್ಬರದ ಚೀಲ ಹೊತ್ತ ಟ್ರ್ಯಾಕ್ಟರಿನಲ್ಲಿ ಕೂತೆವು. ಕಾಲುವೆಯ ಪಕ್ಕ ಕುಲುಕಾಡುತ್ತ ಹೋಗುವಾಗ ಆಪಾ ನನ್ನ ಕಡೆ ನೋಡದೆ ಅಂದಳು, "ಅಲ್ಲಿ ಏನರ ಹೇಳೋದಿದ್ರ ಹೇಳು ಮತ್ತ. ಅಂಜಬ್ಯಾಡ. ಒಳ್ಳೆ ಮಂದಿ ಅವರು." ನಾನು ಹೂಂ ಎಂದೆ.

ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಹುಡುಗಿಯ ಅಪ್ಪ, ಇಬ್ಬರು ದೊಡ್ಡಪ್ಪಂದಿರು, ಓಣಿಯ ಹಿರಿಯರು ಕೂತಿದ್ದರು. ತಾಯಿ ಒಳಬಾಗಿಲಿಗೆ ಆನಿಕೊಂಡು ನಿಂತಿದ್ದಳು. ಅವಳ ಹಿಂದೆ ದುಪಟ್ಟಾದ ಅಂಚು ಕಾಣುತ್ತಿತ್ತು, ಅದು ಆ ಹುಡುಗಿ. ಅಪ್ಪ ಕೂಗಾಡುವ ಮನುಷ್ಯನಲ್ಲ. ಗದ್ದೆಯಿಂದ ಬಂದವನು, ಮೊಣಕಾಲಿನವರೆಗೆ ಕೆಸರು ಒಣಗಿತ್ತು. ನಮಗೆಲ್ಲ ಚಹಾ ಕೊಡಿಸಿದ. ಆಮೇಲೆ ಕೇಳಿದ.

"ನಾ ಒಂದ ಮಾತ ಕೇಳ್ತೀನ್ರಿ. ಆ ಫೋಟೋ ತಗದೋರು ಯಾರು?"

ನನ್ನ ನಾಲಿಗೆಯ ತುದಿಯಲ್ಲಿ ಮಾತಿತ್ತು. ನಾನ್ರೀ ಎನ್ನುವ ಎರಡಕ್ಷರ. ಯಾರೋ ನನ್ನನ್ನು ನೋಡುತ್ತಿದ್ದಾರೆ ಎಂದು ಅನ್ನಿಸುತ್ತಿತ್ತು. ನಾನು ಚಹಾದ ಲೋಟ ನೋಡುತ್ತ ಕೂತೆ. ಚಹಾದ ಮೇಲೆ ಕೆನೆ ಕಟ್ಟಿತ್ತು. ಒಪ್ಪಿಕೊಂಡರೆ ಆ ನಾಲ್ಕು ಮದುವೆ ಕೈತಪ್ಪುತ್ತವೆ, ಕ್ಯಾಮೆರಾ ಕಸಿದುಕೊಳ್ಳುತ್ತಾರೆ, ಕುರುಗೋಡಿನವರೆಗೂ ಸುದ್ದಿ ಹೋಗುತ್ತದೆ. ಇಷ್ಟೆಲ್ಲ ಆ ಒಂದು ಗಳಿಗೆಯಲ್ಲಿ ಯೋಚಿಸಿದೆ, ನೋಡಿ ನನ್ನ ಬುದ್ಧಿ.

ಆಪಾ ಬಲಗೈ ತೋರುಬೆರಳು ಎತ್ತಿದಳು. "ಈ ಬಳ್ಳ. ನಾನ ತಗದಿದ್ದು, ನಾನ ಹಚ್ಚಿದ್ದು. ಅಣ್ಣಾ, ಇನ್ನ ಮ್ಯಾಲೆ ನಾನು ಹೆಂಗಸರ ಕೋಣಿಗೆ ಕ್ಯಾಮೆರಾ ತರಂಗಿಲ್ಲ. ಯಾವ ಮನ್ಯಾಗೂ ತರಂಗಿಲ್ಲ. ನಿನ್ನ ಮಗಳ್ನ ಪರೀಕ್ಷಾಕ್ಕ ಕಳಸು. ತಪ್ಪ ಮಾಡಿದಾಕಿ ನಾನು, ಮನ್ಯಾಗ ಕುಂದ್ರಬೇಕಾದಾಕಿ ನಾನು. ಆಕಿ ಯಾಕ ಕುಂದ್ರಬೇಕು?"

ಆ ಅಪ್ಪ ಮೊಣಕಾಲಿನ ಒಣ ಕೆಸರನ್ನು ಕೆರೆದು ಉದುರಿಸಿ, "ಆತು ತಗಿರಿ" ಎಂದ. ಬಾಗಿಲ ಹಿಂದಿನ ದುಪಟ್ಟಾದ ಅಂಚು ಒಳಗೆ ಸರಿಯಿತು.

ವಾಪಸ್ಸು ಬರುವಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಮುಂದಿನ ವಾರ ನಾನೇ ಹೋಗಿ ಹೇಳುತ್ತೇನೆ ಆಪಾ ಎಂದೆ. ಆಪಾ ಕಾಲುವೆಯ ನೀರು ನೋಡುತ್ತ, "ನಿನಗ ಯಾವಾಗ ಹೇಳಬೇಕನಸ್ತೈತೋ ಆವಾಗ ಹೇಳು. ನಾ ಹೇಳಂಗಿಲ್ಲ" ಎಂದಳು. ಮುಂದಿನ ವಾರ ನನಗೆ ಮದುವೆ ಇತ್ತು. ಅದರ ಮುಂದಿನ ವಾರವೂ ಇತ್ತು.

ಆಪಾ ಮಾತಿಗೆ ತಪ್ಪಲಿಲ್ಲ. ಕುಲಾವಿಯಲ್ಲಿ ಸುತ್ತಿದ ಕ್ಯಾಮೆರಾವನ್ನು ತಿಜೋರಿಯಲ್ಲಿ ಇಟ್ಟಳು. ಸಿರುಗುಪ್ಪದಿಂದ, ಕುರುಗೋಡಿನಿಂದ ಕರೆಯಲು ಬಂದವರಿಗೆ, "ನನ್ನ ಕೈಯಾಗ ಆಗಂಗಿಲ್ಲವ್ವಾ" ಎಂದು ಕಳಿಸಿದಳು. ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವುದು, ಝೆರಾಕ್ಸ್ ಮಾಡುವುದು, ಇಷ್ಟೇ ಉಳಿಯಿತು. ಬೆರಳು ಸುಮ್ಮನಿರುತ್ತಿರಲಿಲ್ಲ, ಗಲ್ಲೆಯ ಮೇಲೆ ಕೂತಾಗ ಗುಂಡಿ ಒತ್ತುವ ಹಾಗೆ ಟವೆಲ್ಲಿನ ಅಂಚನ್ನು ಒತ್ತುತ್ತಿರುತ್ತಿತ್ತು. ಅದನ್ನು ನೋಡಲಾಗದೆ ನಾನು ಬೇರೆಯಾದೆ. ಹಾಗೆಂದು ಎಲ್ಲರಿಗೂ ಹೇಳಿದ್ದೇನೆ. ನಿಜ ಏನೆಂದರೆ ದೊಡ್ಡ ರಸ್ತೆಯಲ್ಲಿ ನನಗೊಂದು ಮಳಿಗೆ ಸಿಕ್ಕಿತ್ತು, ಮತ್ತು ಆಪಾನಿಗೆ ಬರುತ್ತಿದ್ದ ಕರೆಗಳೆಲ್ಲ ಈಗ ನನಗೆ ಬರುತ್ತಿದ್ದವು.

ಸುಗ್ಗಿ ಮುಗಿಯಿತು. ಲಾರಿಗಳು ನಿಂತವು, ಕಾರುಗಳು ಮಾರಾಟವಾದವು. ನಾನು ಹದಿನಾರಕ್ಕೆ ಹೋದೆ, ಇಪ್ಪತ್ನಾಲ್ಕಕ್ಕೆ ಹೋದೆ. ಆಪಾನಿಗೆ ಸಕ್ಕರೆ ಕಾಯಿಲೆ ಬಂದು ಕಣ್ಣು ಮಂಜಾಯಿತು. ಹಬ್ಬಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಒಂದು ರಂಜಾನಿಗೆ ಹೋದಾಗ ಸುರಕುಂಬಾ ಪಾಯಸದ ಬಟ್ಟಲು ನನ್ನ ಕೈಗಿಟ್ಟು, "ಈಗ ಎಷ್ಟಕ್ಕ ಬಂದೈತಿ ಕುರುಗೋಡು?" ಎಂದಳು. ಇಪ್ಪತ್ನಾಲ್ಕು ಎಂದೆ. "ನನ್ನ ಕಣ್ಣ ಒಂದಕ್ಕ ಇಳದೈತಿ ನೋಡು. ಆದ್ರೂ ನಿನ್ನ ಮಾರಿ ತಿಳೀತೈತಿ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಏನರ ಹೇಳೋದೈತೇನು?" ಎಂದು ಕೇಳಿದಳು.

"ಏನಿಲ್ಲಾಪಾ" ಎಂದೆ. "ಆತು, ಸುರಕುಂಬಾ ಆರ್ತೈತಿ, ಕುಡಿ" ಎಂದಳು. ಅದೇ ಕೊನೆಯ ಮಾತು ನಮ್ಮಿಬ್ಬರದು. ಚಳಿಗಾಲಕ್ಕೆ ಆಪಾ ಹೋದಳು.

ನಲವತ್ತನೆಯ ದಿನದ ಊಟಕ್ಕೆ ಹೋಗಿದ್ದೆ. ಹೆಂಗಸರ ನಡುವಿನಿಂದ ಕನ್ನಡಕ ಹಾಕಿಕೊಂಡ ಒಬ್ಬಾಕೆ ಎದ್ದು ಬಂದು ನನ್ನ ಪಕ್ಕ ಕೂತಳು. ಸಿರುಗುಪ್ಪದ ಕಡೆ ಸರಕಾರಿ ಶಾಲೆಯಲ್ಲಿ ಟೀಚರು ಎಂದಳು. ಹಚ್ಚೊಳ್ಳಿಯವಳು ಎಂದಾಗ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನಮಗ ಮೊದಲ ಗೊತ್ತಿತ್ತು ರೀ," ಎಂದಳು ಮೆಲ್ಲಗೆ. "ನಾನು ಆಪಾನ ಬೆನ್ನಿಂದ ಕುಂತಿದ್ದೆ. ಆಪಾ ತಿರಗಂಗಿಲ್ಲ ಅಂತ ಗೊತ್ತಿದ್ದಕ್ಕ ಕೂದ್ಲ ಬಿಟ್ಟು ಕುಂತಿದ್ದೆ. ಆಪಾ ಹೆಂಗ ತಗೀತಾರ ನನ್ನ? ಎರಡನೇ ಸಲ ಬಂದಾಗ ನಮ್ಮವ್ವ ಇದನ್ನ ಕೇಳಿದ್ಲು. 'ನಿನ್ನ ಕೈ ಅಲ್ಲ ಇದು, ಯಾರದಂತ ಹೇಳು' ಅಂತ. ಆಪಾ ಹೇಳಲಿಲ್ಲ. 'ಆಕಿನ್ನ ಕರಕೊಂಡ ಬರ್ತೀನಿ, ಆಕೀನ ಹೇಳ್ತಾಳ' ಅಂದ್ರು. ಅದಕ್ಕ ನಿಮ್ಮನ್ನ ಕರಕೊಂಡ ಬಂದಿದ್ರು. ಅಪ್ಪ ಕೇಳಿದಾಗ ಆಪಾ ನಿಮ್ಮ ಕಡೆ ನೋಡಿದ್ರು. ಬಾಳ ಹೊತ್ತ ನೋಡಿದ್ರು. ನಾನು ಬಾಗಿಲಿಂದ ನೋಡಾಕತ್ತಿದ್ದೆ. ಆಮ್ಯಾಲೆ ಬಳ್ಳ ಎತ್ತಿದ್ರು."

"ನಿಮ್ಮಪ್ಪಗ ಯಾಕ ಹೇಳಲಿಲ್ಲ?"

"ಆಪಾ ಬ್ಯಾಡ ಅಂದ್ರು. ಆಕಿ ಬಂದ ಹೇಳ್ತಾಳ, ತಡೀರಿ ಅಂತ ನಮ್ಮವ್ವಗ ಹೇಳಿ ಹೋಗಿದ್ರು. ಅಪ್ಪಗ ಇವತ್ತಿಗೂ ಗೊತ್ತಿಲ್ಲ."

ಪರ್ಸಿನಿಂದ ಒಂದು ಫೋಟೋ ತೆಗೆದು ನನ್ನ ಕೈಗೆ ಕೊಡುವ ಬದಲು ಚಾಪೆಯ ಮೇಲೆ, ನನ್ನ ಮುಂದೆ ಇಟ್ಟಳು. ಅಕ್ಕನ ಮದುವೆಯ ಆಲ್ಬಮ್ಮಿನಿಂದ ಬಿಡಿಸಿ ತಂದಿದ್ದಳು. ಆಪಾ ತೆಗೆದದ್ದು. ಮದುಮಗಳ ಮುಖ ಇವತ್ತಿಗೂ ನಿನ್ನೆ ತೆಗೆದಷ್ಟು ನಿಚ್ಚಳ. ಹಿಂದೆ ಬಾಗಿಲ ಬೆಳಕಿಗೆ ಅಡ್ಡವಾಗಿ, ಕುರ್ಚಿಯ ಮೇಲೆ ನಿಂತ ಒಂದು ಕಪ್ಪು ಆಕಾರ. ನಾನು. ಈ ಸಾಕ್ಷಿಯ ಸಂಗತಿ ಆಪಾನಿಗೆ ಮೊದಲಿನಿಂದಲೂ ಗೊತ್ತಿತ್ತು, ಆಲ್ಬಮ್ಮಿಗೆ ಅಂಟಿಸಿದವಳೇ ಆಕೆ. ಮನೆಗೆ ತಂದು ಸ್ಕ್ಯಾನ್ ಮಾಡಿ ದೊಡ್ಡದು ಮಾಡುತ್ತ ಹೋದೆ. ಕಣ್ಣಿಲ್ಲ, ಮೂಗಿಲ್ಲ, ಯಾರೆಂದು ಹೇಳಲು ಬರುವುದಿಲ್ಲ. ದೂರ ಇರೋರು ಆರಾಮ ಇರ್ರಿ, ಈ ಡಬ್ಬಿ ನಿಮ್ಮನ್ನ ಮುಟ್ಟಂಗಿಲ್ಲ ಎಂದು ಆಪಾ ಆ ದಿನವೂ ಹೇಳಿದ್ದಳು. ಇಷ್ಟು ವರ್ಷ ನಾನು ಆರಾಮಾಗಿಯೇ ಇದ್ದೆ.

ಮರುವಾರ ಹಚ್ಚೊಳ್ಳಿಗೆ ಹೋದೆ. ಮದುವೆಯ ಕೆಲಸವೊಂದನ್ನು ಬಿಟ್ಟು ಹೋದೆ, ಮೊದಲ ಸಲ. ಅದೇ ಪಡಸಾಲೆ. ಆ ಅಪ್ಪ ಮುದುಕನಾಗಿದ್ದ, ಕೋಲು ಹಿಡಿದು ಕೂತಿದ್ದ. ನಾನು ಎಲ್ಲ ಹೇಳಿದೆ. ಕುರ್ಚಿ, ಬಾಗಿಲು, ಪೋಸ್ಟರು, ಚಹಾದ ಲೋಟ, ಏನೂ ಬಿಡಲಿಲ್ಲ. ಬೈಯಲಿ ಎಂದು ಕಾಯುತ್ತ ಕೂತೆ. ಅವನು ಬೈಯಲಿಲ್ಲ. ಕೋಲಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತ, ನನ್ನ ಕಡೆ ನೋಡದೆ ಅಂದ:

"ಇದನ್ನ ಆಕಿ ಇದ್ದಾಗ ಹೇಳಿದ್ರ, ನಾನ ಬಳ್ಳಾರಿಗೆ ಬಂದು ಕ್ಯಾಮೆರಾ ಆಕಿ ಕೈಯಾಗ ಇಡ್ತಿದ್ನಲ್ಲವ್ವಾ."